ಯಾರೂ ಮುಟ್ಟದ ಕೊನೆಯ ತುಂಡು

ನಾನೀಗ ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಮ್ಮಿಬ್ಬರ ನಡುವೆ ಈ ತಟ್ಟೆಯಲ್ಲಿ ಕೂತಿದೆಯಲ್ಲ ನಿಂಬೆ ಕೇಕಿನ ತುಂಡು, ಅದರಾಣೆ. ಸುಳ್ಳಾದರೆ ನನ್ನ ಮೀಸೆ ಉದುರಿ ಈ ಕಾಫಿಯೊಳಗೆ ಬೀಳಲಿ. ಬಿತ್ತಾ? ಇಲ್ಲ ತಾನೆ? ಹಾಗಾದರೆ ಕೇಳು.

"ಅಯ್ಯೋ ಅಮ್ಮ! ನನ್ ಕಾಲು!"

ಸಿಗ್ನೆ ಕಿರುಚಿದಳು. ಮೇಜಿನ ಕೆಳಗೆ ಅಮ್ಮನ ಹಿಮ್ಮಡಿ ಅವಳ ಕಾಲ್ಬೆರಳ ಮೇಲೆ ಕೂತಿತ್ತು. ಮೇಜಿನ ಮೇಲೆ ಡಾಗ್ನಿ ಅಜ್ಜಿಯ ತಟ್ಟೆ, ತಟ್ಟೆಯಲ್ಲಿ ನಿಂಬೆ ಕೇಕಿನ ಕೊನೆಯ ತುಂಡು, ಅದರ ಹತ್ತಿರ ಸಿಗ್ನೆಯ ಕೈ.

ಅಮೆರಿಕದ ಮಿನೆಸೋಟಾದಲ್ಲಿರುವ ನಮ್ಮ ನಾರ್ಬಿ ಊರಲ್ಲಿ ಕೊನೆಯ ತುಂಡನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಬೇಕಾದರೆ ಅದನ್ನು ಕತ್ತರಿಸಿ ಅರ್ಧ ತಿನ್ನಬಹುದು. ಉಳಿದ ಅರ್ಧದಲ್ಲಿ ಇನ್ನೊಬ್ಬರು ಅರ್ಧ. ಹೀಗೆ ಕತ್ತರಿಸುತ್ತ ಕತ್ತರಿಸುತ್ತ, ಚರ್ಚಿನ ನೆಲಮಾಳಿಗೆಯಲ್ಲಿ ಒಂದು ಚೂರು ನಮ್ಮ ತಾತನ ಕಾಲದಿಂದ ಹಾಗೇ ಉಳಿದಿದೆ. ನೋಡಬೇಕೆಂದರೆ ಭೂತಗನ್ನಡಿ ಬೇಕು.

"ತಗೋ ಮರಿ," ಅಂದರು ಅಜ್ಜಿ.

"ಬೇಡ ಬೇಡ, ಅವಳ ಹೊಟ್ಟೆ ತುಂಬಿದೆ," ಅಂದಳು ಅಮ್ಮ.

"ನಂಗೇನೂ ತುಂಬಿಲ್ಲ."

ಹಿಮ್ಮಡಿ ಮತ್ತೆ ಬಿತ್ತು.

ಅಮ್ಮ ಮಗಳು ಅಜ್ಜಿಯ ಮನೆಗೆ ಬಂದದ್ದು ಕೇಕು ತಿನ್ನುವುದಕ್ಕಲ್ಲ, ವೋಟು ಕೇಳುವುದಕ್ಕೆ. ಸಿಗ್ನೆಯ ಅಮ್ಮ ಮಾರಿಟ್ ಸ್ಕೂಲ್ ಬೋರ್ಡಿಗೆ ನಿಂತಿದ್ದಳು. ಶಾಲೆಯಲ್ಲಿ ಏನಿರಬೇಕು, ಏನು ಹೋಗಬೇಕು ಅಂತ ತೀರ್ಮಾನ ಮಾಡುವುದು ಆ ಬೋರ್ಡು. ಅದರಲ್ಲಿ ಒಂದು ಕುರ್ಚಿ ಖಾಲಿ ಇತ್ತು.

ಬೋರ್ಡಿನವರಲ್ಲಿ ಅರ್ಧ ಜನ, ಶಾಲೆಯ ಹಿಂದಿನ ಗುಡ್ಡವನ್ನು ಅಗೆದು ಕಾರ್ ಪಾರ್ಕಿಂಗ್ ಮಾಡೋಣ ಅನ್ನುತ್ತಿದ್ದರು. ಇನ್ನರ್ಧ ಜನ ಬೇಡ ಅನ್ನುತ್ತಿದ್ದರು. ಹಾಗಾಗಿ ಆ ಖಾಲಿ ಕುರ್ಚಿಯಲ್ಲಿ ಕೂತವರು ಹೇಳಿದ್ದೇ ಆಗುವುದು.

ಆ ಗುಡ್ಡ ಅಂಥಿಂಥದ್ದಲ್ಲ. ಹಿಮ ಬಿದ್ದ ಮೇಲೆ ಮಕ್ಕಳೆಲ್ಲ ಪ್ಲಾಸ್ಟಿಕ್ ಹಲಗೆ ಮೇಲೆ ಕೂತು ಜಾರುವುದು ಅಲ್ಲೇ. ಅದು ಎಷ್ಟು ಉದ್ದವೆಂದರೆ, ಮೇಲಿಂದ ಹೊರಟ ಹುಡುಗ ಕೆಳಗೆ ಬರುವಷ್ಟರಲ್ಲಿ ಬೆಳೆದು ಅವನ ಪ್ಯಾಂಟು ಗಿಡ್ಡವಾಗಿರುತ್ತಿತ್ತು.

ಅಮ್ಮ ಮತ್ತು ಅಜ್ಜಿ ಚಳಿಯ ವಿಷಯ ಮಾತಾಡಿದರು. ಅಜ್ಜಿಯ ಮಂಡಿನೋವಿನ ವಿಷಯ ಮಾತಾಡಿದರು. ಮತ್ತೆ ಚಳಿಗೆ ಬಂದರು. ಆಮೇಲೆ ಅಮ್ಮ ಎರಡೂ ಕೈಯಿಂದ ತೊಡೆ ತಟ್ಟಿ, "ಸರಿ ಹಾಗಾದ್ರೆ," ಅಂತ ಎದ್ದಳು. ಬಾಗಿಲಲ್ಲಿ ನಿಂತು ಇನ್ನೊಂದಿಷ್ಟು ಚಳಿಯ ಮಾತಾಯಿತು.

ಹೊರಗೆ ಬಂದ ಕೂಡಲೇ ಸಿಗ್ನೆ ಕೇಳಿದಳು, "ಅಮ್ಮ, ವೋಟು ಕೇಳೋದೇ ಮರೆತ್ಯಲ್ಲ!"

"ಮರ್ತಿಲ್ಲ ಕಣೇ. ನಂಗೆ ಕೊಡಿ ಅಂತ ಬಾಯಿಬಿಟ್ಟು ಹೇಗೆ ಕೇಳೋದು? ಅಜ್ಜಿ ಏನಂದ್ಕೊಳ್ತಾರೆ?"

"ಎಲೆಕ್ಷನ್‌ಗೆ ನಿಂತಿದ್ದಾಳೆ ಅಂದ್ಕೊಳ್ತಾರೆ!"

ಅಮ್ಮ ರಸ್ತೆಯ ಹಿಮ ಗೋರುವ ಲಾರಿ ಓಡಿಸುವವಳು. ಕಣ್ಣು ಕಾಣದ ಬಿರುಗಾಳಿಯಲ್ಲೂ ಹಾಡು ಹೇಳಿಕೊಂಡು ಹೋಗುವವಳು. ಆದರೆ "ನಂಗೆ ಬೇಕು" ಅನ್ನುವ ಎರಡು ಮಾತಿಗೆ ಗಡಗಡ ನಡುಗುತ್ತಿದ್ದಳು.

ಅಷ್ಟರಲ್ಲಿ ಅರ್ವಿಡ್ ಎದುರಾದರು. ಅವರದು ಹಾರ್ಡ್‌ವೇರ್ ಅಂಗಡಿ, ಸಿಗ್ನೆಯ ಎದುರು ಮನೆ. ಅದೇ ಕುರ್ಚಿಗೆ ಅವರೂ ನಿಂತಿದ್ದರು. ಅಮ್ಮನ ಹಾಗಲ್ಲ, ಅವರಿಗೆ ಪಾರ್ಕಿಂಗ್ ಬೇಕಿತ್ತು.

"ನೀನು ಗೆದ್ರೆ ತುಂಬಾ ಒಳ್ಳೇದಮ್ಮ ಮಾರಿಟ್," ಅಂದರು ಅರ್ವಿಡ್.

"ಛೆ ಛೆ, ನೀವು ಗೆದ್ರೇನೇ ಒಳ್ಳೇದು," ಅಂದಳು ಅಮ್ಮ.

ಸಿಗ್ನೆ ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡಳು.

ಎಲೆಕ್ಷನ್ ಮುಗಿಯಿತು. ನಾರ್ಬಿಯವರಿಗೆ ಯಾರ ಮನಸ್ಸನ್ನೂ ನೋಯಿಸಿ ಅಭ್ಯಾಸವಿಲ್ಲ ನೋಡು, ಇಬ್ಬರಿಗೂ ಸಮಸಮ ವೋಟು ಬಿದ್ದಿತ್ತು. ಹಾಗಾದಾಗ ಚೀಟಿ ಎತ್ತಿದಂತೆ ಏನಾದರೂ ಎತ್ತಿ ತೀರ್ಮಾನಿಸಬೇಕು. ಅದಕ್ಕೆಂದು ಟೌನ್ ಹಾಲ್‌ಗೆ ಹೋಗುವಾಗ ಕಾರಿನಲ್ಲಿ ಸಿಗ್ನೆಗೆ ಒಂದು ಅನುಮಾನ ಬಂತು.

"ಅಮ್ಮ, ನಿನ್ ವೋಟು ನಿಂಗೇ ಹಾಕ್ಕೊಂಡೆ ತಾನೆ?"

ಅಮ್ಮ ರಸ್ತೆಯನ್ನೇ ನೋಡಿದಳು.

"ಅಮ್ಮಾ!"

"ನಂಗೆ ನಾನೇ ಹಾಕ್ಕೊಂಡ್ರೆ ಚೆನ್ನಾಗಿರಲ್ಲ ಕಣೇ."

"ಅಯ್ಯೋ! ನೀನೇ ಗೆದ್ದುಬಿಡ್ತಿದ್ದೆ! ನನ್ ಗುಡ್ಡ ಹೋದ್ರೆ ನಾನು ನಿನ್ ಜೊತೆ ಮಾತಾಡಲ್ಲ!"

ಟೌನ್ ಹಾಲ್‌ನಲ್ಲಿ ಅರ್ಧ ಊರೇ ಸೇರಿತ್ತು. ಬಾಗಿಲ ಪಕ್ಕದ ಮೇಜಿನ ಮೇಲೆ ಡಾಗ್ನಿ ಅಜ್ಜಿಯ ನಿಂಬೆ ಕೇಕು. ಎಲೆಕ್ಷನ್ ನೋಡಿಕೊಳ್ಳುವ ಬೆರಿಟ್ ಒಂದು ಉಣ್ಣೆ ಟೋಪಿ ಹಿಡಿದು ನಿಂತಿದ್ದಳು. ಅದರೊಳಗೆ ಅಂಗಿಯ ಎರಡು ಗುಂಡಿ, ಒಂದು ಬಿಳಿ, ಒಂದು ಕಪ್ಪು. ಬಿಳಿ ಸಿಕ್ಕವರಿಗೆ ಕುರ್ಚಿ.

"ಇದೆಲ್ಲಾ ಯಾಕೆ ತೊಂದರೆ?" ಅಂತ ಅಮ್ಮ ಎದ್ದಳು. "ಅರ್ವಿಡ್‌ಗೇ ಇರ್ಲಿ ಬಿಡಿ. ನಾನು ಹಿಂದೆ ಸರೀತೀನಿ."

ಸಿಗ್ನೆ ಅಮ್ಮನ ತೋಳು ಹಿಡಿದು ಜಗ್ಗಿದಳು.

ಅರ್ವಿಡ್ ಕೂಡ ಎದ್ದರು. "ಅದೆಲ್ಲಾ ಆಗಲ್ಲ. ನಾನು ಸರೀತೀನಿ."

"ಇಲ್ಲ, ನಾನು."

"ನೀನು ಕೂತ್ಕೋಮ್ಮ, ನಾನು."

ಇದು ಎಷ್ಟು ಹೊತ್ತು ನಡೆಯಿತೆಂದರೆ, ಬೆರಿಟ್ ಕೈಯಲ್ಲಿದ್ದ ಟೋಪಿ ಕೆಳಗಿಟ್ಟು ಒಂದು ಕಾಲುಚೀಲ ಹೆಣೆದು ಮುಗಿಸಿದಳು.

"ಇಬ್ರೂ ಸರಿದ್ರೆ ಆ ಕುರ್ಚೀಲಿ ನನ್ ನಾಯೀನ ಕೂರಿಸ್ಲಾ?" ಅಂತ ರೇಗಿದಳು. ಮೇಜಿನ ಕೆಳಗೆ ಮಲಗಿದ್ದ ನಾಯಿ ಕಿವಿ ನೆಟ್ಟಗೆ ಮಾಡಿ ಎದ್ದು ಕೂತಿತು. ಅದಕ್ಕೂ ಆಸೆ ಇದ್ದಂತಿತ್ತು.

ಕಿಟಕಿಯಾಚೆ ಆ ವರ್ಷದ ಮೊದಲ ಹಿಮ ಬೀಳುತ್ತಿತ್ತು. ಶಾಲೆಯ ಗುಡ್ಡ ಮೆಲ್ಲಗೆ ಬೆಳ್ಳಗಾಗುತ್ತಿತ್ತು. ಸಿಗ್ನೆ ಅದನ್ನು ನೋಡಿದಳು, ಅಮ್ಮನನ್ನು ನೋಡಿದಳು. ಕುರ್ಚಿಯ ಮೇಲೆ ಹತ್ತಿ ನಿಂತಳು.

"ಅಮ್ಮ, ನಿಂಗೆ ಬೇಕಾ, ಬೇಡ್ವಾ?"

ಎಲ್ಲರೂ ಅಮ್ಮನ ಕಡೆ ತಿರುಗಿದರು. ಅಮ್ಮನ ಕಿವಿ ಟೊಮ್ಯಾಟೋ ಹಾಗೆ ಕೆಂಪಾಯಿತು.

"ಬೇಕು," ಅಂದಳು, ಗುಬ್ಬಿಯಷ್ಟು ಸಣ್ಣ ದನಿಯಲ್ಲಿ.

"ಕೇಳಿಸ್ಲಿಲ್ಲ."

"ಬೇಕು!" ಅಮ್ಮನ ದನಿಗೆ ಕಿಟಕಿ ಗಾಜು ಅದುರಿತು. "ನಂಗೆ ಆ ಕುರ್ಚಿ ಬೇಕು! ಆ ಗುಡ್ಡ ಉಳೀಬೇಕು!"

ಯಾರದೋ ಕೈಯಿಂದ ಚಮಚ ಬಿತ್ತು. ಅರ್ವಿಡ್ ದೊಪ್ಪನೆ ಕೂತರು.

"ಅಬ್ಬಾ! ಮೊದಲೇ ಹೇಳೋಕೇನಾಗಿತ್ತಮ್ಮ? ನಂಗೂ ಆ ಕುರ್ಚಿ ಬೇಕು! ಸುಮ್ನೆ ನನ್ ವೋಟು ನಿಂಗೆ ಹಾಕ್ಬಿಟ್ಟೆ!"

"ನಾನು ನಿಮಗೆ ಹಾಕಿದೀನಿ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಅರ್ವಿಡ್‌ಗೆ ನಗು ಬಂತು, ಆಮೇಲೆ ಅಮ್ಮನಿಗೆ. ನಗುತ್ತಲೇ ಅಮ್ಮ, "ನೀವು ಮೊದಲು" ಅನ್ನದೆ, ಟೋಪಿಯೊಳಗೆ ಕೈ ಹಾಕಿದಳು. ಮುಷ್ಟಿ ಬಿಚ್ಚಿದಳು.

ಬಿಳಿ ಗುಂಡಿ.

ಅರ್ವಿಡ್ ಕೈ ಕುಲುಕಿದರು. "ಪಾರ್ಕಿಂಗ್ ಬೇಕು ಅಂತ ಪ್ರತಿ ಮೀಟಿಂಗಿಗೂ ಬಂದು ತಲೆ ತಿಂತೀನಿ, ನೋಡ್ತಿರು."

"ಬನ್ನಿ, ಕಾಫಿ ಕೊಡ್ತೀನಿ."

"ಅಯ್ಯೋ, ಬೇಡ ಬೇಡ," ಅಂದರು ಅರ್ವಿಡ್, ಅಭ್ಯಾಸಬಲದಿಂದ. ಆಮೇಲೆ ಒಂದು ಕ್ಷಣ ಯೋಚಿಸಿ, "ಬೇಕು," ಅಂದರು.

ಜನ ಕರಗತೊಡಗಿದರು. ಬಾಗಿಲ ಪಕ್ಕದ ತಟ್ಟೆಯಲ್ಲಿ ಕೇಕಿನ ಕೊನೆಯ ತುಂಡು ಉಳಿದಿತ್ತು. ಪಕ್ಕದಲ್ಲಿ ಚಾಕು. ಸಿಗ್ನೆ ಹತ್ತಿರ ಹೋದಳು. ಅಮ್ಮ ನೋಡುತ್ತಿದ್ದಳು. ಸಿಗ್ನೆ ಕಾಲ್ಬೆರಳನ್ನು ಬೂಟಿನೊಳಗೇ ಮಡಚಿಕೊಂಡಳು. ಹಿಮ್ಮಡಿ ಬರಲಿಲ್ಲ.

ಚಾಕು ಮುಟ್ಟದೆ ಇಡೀ ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಛಾವಣಿ ಬೀಳಲಿಲ್ಲ.

"ಹೇಗಿದೆ ಮರಿ?" ಡಾಗ್ನಿ ಅಜ್ಜಿ ಕೇಳಿದರು.

"ಹುಳಿಹುಳಿ. ತುಂಬಾ ಚೆನ್ನಾಗಿದೆ."

ಅಜ್ಜಿ ಖಾಲಿ ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಇಷ್ಟು ವರ್ಷದಲ್ಲಿ ಒಂದ್ಸಲಾನೂ ಇದು ಖಾಲಿಯಾಗಿ ಮನೆಗೆ ಬಂದಿಲ್ಲ. ಯಾರಿಗೂ ಹಿಡಿಸಲ್ವೇನೋ ಅಂತಿದ್ದೆ."

ಸಿಗ್ನೆ ಬೆರಳು ನೆಕ್ಕುವುದನ್ನು ನಿಲ್ಲಿಸಿದಳು. ಅಜ್ಜಿ ತಟ್ಟೆಯನ್ನು ಮಗುವಿನ ಹಾಗೆ ಶಾಲಿನಲ್ಲಿ ಸುತ್ತಿಕೊಂಡದ್ದನ್ನು ನೋಡುತ್ತ ನಿಂತಳು. ಆಮೇಲೆ ಹೋಗಿ ಅವರ ಕೋಟಿನ ತುದಿ ಎಳೆದಳು.

"ಅಜ್ಜೀ, ನಂಗೆ ಇನ್ನೂ ಬೇಕು. ಮುಂದಿನ ಸಲ ಜಾಸ್ತಿ ತರ್ತೀರಾ?"

ಮಾರನೆಯ ದಿನ ಅವಳು ಗುಡ್ಡದಿಂದ ಜಾರಿದಳಲ್ಲ, ಏನು ವೇಗ ಅಂತೀಯ! ಅವಳ ನೆರಳು ಮೇಲೇ ಉಳಿದುಹೋಗಿ, ಮಧ್ಯಾಹ್ನ ತಡವಾಗಿ ಕ್ಲಾಸಿಗೆ ಬಂದು, ಟೀಚರ್ ಹತ್ತಿರ ಬೈಸಿಕೊಂಡು... ಏ, ಎಲ್ಲಿಗೆ ಎದ್ದೆ? ಆ ತಟ್ಟೆ ಯಾಕೆ ಎತ್ತಿಕೊಂಡೆ? ಅದು ಕೊನೇ ತುಂಡು ಕಣೇ! ನಿಲ್ಲು, ನಂಗೂ ಬೇ...