ಕರೆಯದೆ ಮುಂದೆ ಬಂದ ವಿಂಡೋ

ತಾರ್ಮೊ ಎದುರು ಮೇಜಿನ ವಿಯೆನೊಗೆ ಸಂದೇಶ ಕಳಿಸಿದ: "ಓಸ್ಲೊ ಕೆಲಸಕ್ಕೆ ಹೋಗಲಾ, ಬೇಡ್ವಾ? ನೀನು ಹೇಳಿದ ಹಾಗೆ."

ವಿಯೆನೊ ತಲೆಯೆತ್ತಿದಳು. ಅವನನ್ನೇ ನೋಡುತ್ತ, ತುಟಿಯಂಚಿನಲ್ಲಿ ನಗುತ್ತ ಏನೋ ಟೈಪ್ ಮಾಡಿ ಎಂಟರ್ ಒತ್ತಿದಳು. ಆಮೇಲೆ ಕೆನ್ನೆ ಕೆಂಪಾಗಿ, ಲ್ಯಾಪ್‌ಟಾಪ್ ಮುಚ್ಚಿ ಮೀಟಿಂಗಿಗೆ ಓಡಿದಳು.

ತಾರ್ಮೊಗೆ ಉತ್ತರ ಬರಲಿಲ್ಲ. ಬಂದದ್ದು ಕ್ಯಾಲೆಂಡರಿನ ಸೂಚನೆ: ಮಧ್ಯಾಹ್ನ ನಿಮ್ಮ ಬೀಳ್ಕೊಡುಗೆಯ ಕಾಫಿಗೆ ವಿಯೆನೊ ಬರುತ್ತಾರೆ. ಅವನಿನ್ನೂ ನಿರ್ಧರಿಸಿರಲಿಲ್ಲ, ಆಗಲೇ ಎಲ್ಲರಿಗೂ ಆಹ್ವಾನ ಕಳಿಸಿದ್ದ ಬಾಸ್‌ಗೆ ಮಾತ್ರ ಕೇಕಿನ ಆತುರ. ಅವಳಿಗೂ ಅಷ್ಟೇ ಆತುರವೇ? ಓಸ್ಲೊಗೆ ಫೋನ್ ಮಾಡಿ ಬರುತ್ತೇನೆಂದುಬಿಟ್ಟ.

ತಾಂಪೆರೆ ಊರಿನ ಆ ಕಚೇರಿಯಲ್ಲಿ ಇಬ್ಬರದೂ ಒಂದೇ ಕೆಲಸ. ಪರದೆಯ ಮೇಲೆ ಯಾವ ವಿಂಡೋ ಮುಂದೆ ಬರಬೇಕು, ಒತ್ತಿದ ಅಕ್ಷರ ಯಾವುದಕ್ಕೆ ಸೇರಬೇಕು ಎಂದು ತೀರ್ಮಾನಿಸುವ ಪ್ರೋಗ್ರಾಂ ಬರೆಯುವುದು. ವಿಯೆನೊಳ ನಿಯಮ ಕಟ್ಟುನಿಟ್ಟು: ಕರೆಯದೆ ಯಾವ ವಿಂಡೋ ಕೂಡ ಮುಂದೆ ನುಗ್ಗಕೂಡದು, ಕೆಳಗಿನ ಪಟ್ಟಿಯಲ್ಲಿ ಮಿನುಗುತ್ತ ಕಾಯಬೇಕು. ಪ್ರೀತಿಯಲ್ಲೂ ಅವಳು ಹಾಗೆಯೇ ಕಾದವಳು. ತಾರ್ಮೊ ಮಾತ್ರ ಕಾಡಿ ಬೇಡಿ ಕ್ಯಾಲೆಂಡರಿಗೊಂದು ವಿನಾಯಿತಿ ಪಡೆದಿದ್ದ. ಅವನ ಮುಖ ನೋಡಿ ಅವಳು ಒಪ್ಪಿದ್ದಳು, ಪಾಪ.

ಮಧ್ಯಾಹ್ನ ಏಲಕ್ಕಿ ಬನ್ನು, ಕೇಕು, ಕಾಫಿ. ಅವನು ಒಮ್ಮೆಯೂ ತನ್ನತ್ತ ನೋಡದ್ದು ಕಂಡು ವಿಯೆನೊ ಕೊನೆಗೆ ತಟ್ಟೆ ಹಿಡಿದು ಅವನ ಪಕ್ಕಕ್ಕೆ ಬಂದಳು.

"ಎಲ್ಲರಿಗಿಂತ ಮೊದಲು ಒಪ್ಕೊಂಡ್ಯಲ್ಲ," ಎಂದ. "ಕೇಕ್ ಅಂದ್ರೆ ಅಷ್ಟು ಇಷ್ಟನಾ?"

"ಯಾವುದಕ್ಕೆ ಒಪ್ಕೊಂಡೆ? ನಾನು ಬರೆದಿದ್ದು ನಿನಗೆ."

ಇಂಥ ತಪ್ಪುಗಳನ್ನು ಹುಡುಕುವುದೇ ಅವರ ಹೊಟ್ಟೆಪಾಡು, ಅರ್ಥವಾಗಲು ಹೊತ್ತಾಗಲಿಲ್ಲ. ಅವಳು ಅವನನ್ನು ನೋಡುತ್ತ ಟೈಪ್ ಮಾಡುವಾಗ ಬಾಸ್ ಕಳಿಸಿದ ಕ್ಯಾಲೆಂಡರ್ ಆಹ್ವಾನ ಮುಂದೆ ಜಿಗಿದಿತ್ತು. ಅಕ್ಷರಗಳೆಲ್ಲ ಅದರ ಮೇಲೆ ಬಿದ್ದು ವ್ಯರ್ಥವಾಗಿದ್ದವು. ಎಂಟರ್ ಒತ್ತಿದ್ದು 'ಬರುತ್ತೇನೆ' ಎಂಬ ಬಟನ್ನಿಗೆ.

"ಏನು ಬರೆದಿದ್ದೆ?"

"ಹೋಗ್ಬೇಡ ಅಂತ."

ತಾರ್ಮೊನ ಮುಖ ಬಿಳಿಚಿತು. "ನಾನು ಬರ್ತೀನಿ ಅಂದ್ಬಿಟ್ಟೆ ಅವರಿಗೆ."

"ಫೋನ್ ಇದ್ಯಲ್ಲ, ಬರಲ್ಲ ಅನ್ನು."

"ಅಂದ್ರೆ ಈ ಕೇಕ್?"

"ತಿನ್ನೋಣ. ನಿನ್ನ ವಿನಾಯಿತಿ ಮಾತ್ರ ಇವತ್ತೇ ಕಿತ್ತು ಹಾಕ್ತೀನಿ."

ಅವನು ನಕ್ಕ, ಕಣ್ಣು ಮಾತ್ರ ತೇವವಾಗಿತ್ತು. ಫೋನ್ ತೆಗೆದು, ಇಲ್ಲೇ ಉಳಿಯಲಾ ಎಂದು ಕಣ್ಣಲ್ಲೇ ಕೇಳಿದ. ವಿಯೆನೊ ಈ ಸಲ ಕಾಯಲಿಲ್ಲ. ಇಡೀ ಕಚೇರಿ ನೋಡುತ್ತಿದ್ದಂತೆ ಮುಂದೆ ಬಂದು ಅವನ ಕೈ ಹಿಡಿದಳು.