ಬ್ರೌಸರ್ ಬಚ್ಚಿಟ್ಟ ಮಾತು

ಐವಿಂದ್ ಮೊದಲ ಸಲ ನಮ್ಮ ಆಫೀಸಿಗೆ ಬಂದದ್ದು ನನ್ನ ಕೈಲಿ ಬೈಸಿಕೊಳ್ಳಲು. ಪಾಪ, ಅದು ಅವನಿಗೆ ಗೊತ್ತಿರಲಿಲ್ಲ.

ಓಸ್ಲೋದ ನದಿ ದಂಡೆಯ ಹಳೇ ಗಿರಣಿಯಲ್ಲಿ ನಮ್ಮ ಬ್ರೌಸರ್ ಕಂಪನಿ. ಯಾವ ಜಾಹೀರಾತು ಪರದೆಯ ಮೇಲೆ ಬರಬಾರದು ಎಂದು ನಿಯಮ ಬರೆಯುವುದು ನನ್ನ ಕೆಲಸ. ಅವನು ಟ್ರಾಮಿನಲ್ಲಿ ಎರಡು ಸ್ಟಾಪ್ ಆಚೆಯ ಜಾಹೀರಾತು ಕಂಪನಿಯವನು. ಅವರೂ ಒಂದು ಬ್ರೌಸರ್ ತಂದಿದ್ದರು, ಅದರಲ್ಲೂ ಜಾಹೀರಾತು ತಡೆಯುವ ವ್ಯವಸ್ಥೆ ಇತ್ತಂತೆ. ನಮ್ಮ ಜೊತೆ ಕೈಜೋಡಿಸುತ್ತೇವೆ ಎಂದು ಮೀಟಿಂಗಿಗೆ ಬಂದಿದ್ದರು.

"ಯಾವುದು ಕೆಟ್ಟ ಜಾಹೀರಾತು ಅಂತ ತೀರ್ಮಾನ ಮಾಡೋರು ಯಾರು?" ಎಂದೆ.

ಅವನ ಬಾಸ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಐವಿಂದ್ ಹೇಳಿಬಿಟ್ಟ. "ನಾವೇ. ಕಿರುಚಾಡೋ ಜಾಹೀರಾತನ್ನ ನಾವೇ ತೆಗೆದ್ರೆ, ಜನ ನಿಮ್ಮ ಹಾಗೆ ಎಲ್ಲವನ್ನೂ ತೆಗೆಯೋಕೆ ಹೋಗಲ್ಲ ಅನ್ನೋ ಆಸೆ."

ಬಾಸಿನ ಮುಖ ಗಂಟಾಯಿತು. ಐವಿಂದನ ಕಿವಿ ಕೆಂಪಾಯಿತು. ಮೀಟಿಂಗ್ ಮುಗಿಯುವವರೆಗೂ ನಾನು ಆ ಕಿವಿಗಳನ್ನೇ ನೋಡುತ್ತಿದ್ದೆ.

ಒಪ್ಪಂದ ಆಗಲಿಲ್ಲ, ಆದರೆ ಆಮೇಲೆ ನಮ್ಮಿಬ್ಬರ ಮಧ್ಯಾಹ್ನದ ಊಟ ದಿನಾ ನದಿ ಪಕ್ಕದ ಬೆಂಚಿನಲ್ಲಿ. ಅವನ ಡಬ್ಬಿಯಲ್ಲಿ ಬ್ರೆಡ್ಡಿನ ಮೇಲೆ ಕಂದು ಚೀಸ್, ನನ್ನದರಲ್ಲಿ ಮೀನು. ನಾನು ಚೀಸ್ ಕದಿಯುವಾಗ ಅವನು ಬೇಕೆಂದೇ ನೀರಿನತ್ತ ನೋಡುತ್ತಿದ್ದ, ತುಟಿಯ ತುದಿ ಮಾತ್ರ ನಗುತ್ತಿತ್ತು. ಕದ್ದ ಚೀಸಿಗೆ ಬೇರೆಯೇ ರುಚಿ ಇರುತ್ತಿತ್ತು.

ನನ್ನ ಜೊತೆ ಕೆಲಸ ಮಾಡುವ ತೋರಿಲ್ ಎಚ್ಚರಿಸಿದಳು. ಇವತ್ತಲ್ಲ ನಾಳೆ ತಮ್ಮ ಕಂಪನಿಯ ಜಾಹೀರಾತು ತಡೆಯಬೇಡ, ವಿನಾಯಿತಿ ಕೊಡು ಎಂದು ಕೇಳುತ್ತಾನೆ, ನೋಡುತ್ತಿರು ಎಂದಳು. ನಕ್ಕುಬಿಟ್ಟೆ, ಆದರೆ ಆ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು. ನನಗಂತೂ ಅವನು ಬೇಕಾಗಿದ್ದ. ಅವನಿಗೆ ಬೇಕಾದದ್ದು ನಾನೋ, ನನ್ನ ನಿಯಮಗಳ ಪಟ್ಟಿಯಲ್ಲೊಂದು ವಿನಾಯಿತಿಯೋ?

ಮಾರ್ಚಿನ ಒಂದು ಗುರುವಾರ, ನಿನಗಾಗಿ ಒಂದು ಪುಟ ಮಾಡಿದ್ದೇನೆ ಎಂದು ಲಿಂಕ್ ಕಳಿಸಿದ. ತೆರೆದೆ. ಹಿಮದ ಬೆಟ್ಟದ ಒಂದು ಫೋಟೊ, ಅದರ ಕೆಳಗೆ ಖಾಲಿ. 'ಚೆನ್ನಾಗಿದೆ, ಹಿಮ ಸ್ವಲ್ಪ ಜಾಸ್ತಿ' ಎಂದು ಉತ್ತರಿಸಿದೆ.

ಮರುದಿನ ಅವನು ಬೆಂಚಿಗೆ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಮೀನನ್ನು ಒಬ್ಬಳೇ ತಿಂದು ತಿಂದು ನನಗೆ ಸಾಕಾಯಿತು.

ಶುಕ್ರವಾರ ನಮ್ಮ ಆಫೀಸಿನಲ್ಲಿ ದೋಸೆಯಂಥ ವಾಫಲ್ ಸುಡುವ ದಿನ. ಹಿಟ್ಟು ಸುರಿಯುತ್ತಿದ್ದಾಗ ಬಾಗಿಲಲ್ಲಿ ಅವನು ನಿಂತಿದ್ದ.

"ಬೇಡ ಅನ್ನೋದಿದ್ರೆ ಬೇಡ ಅನ್ನಬಹುದಿತ್ತು, ಯೋರುನ್. ಹಿಮ ಜಾಸ್ತಿ ಅಂದ್ರೆ ಏನರ್ಥ?"

"ಯಾವುದಕ್ಕೆ ಬೇಡ ಅನ್ಬೇಕಿತ್ತು?"

ಅವನು ಫೋನ್ ತೋರಿಸಿದ. ಬೆಟ್ಟದ ಕೆಳಗೆ ಒಂದು ಚೌಕ, ಅದರ ತುಂಬ ಅಕ್ಷರ. ನನ್ನ ಪರದೆಯಲ್ಲಿ ಅದು ಇರಲೇ ಇಲ್ಲ. ನೋಡಿದ್ದು ಬರೀ ಫೋಟೊ ಎಂದು ತಿಳಿಸಿದೆ. ಓದುವ ಮೊದಲೇ ಅವನು ಫೋನನ್ನು ಜೇಬಿಗಿಳಿಸಿದ.

"ಕೋಡಿನಲ್ಲಿ ಆ ಚೌಕಕ್ಕೆ ಏನಂತ ಹೆಸರಿಟ್ಟಿದ್ದೆ?" ಎಂದೆ.

ಅವನ ಕಿವಿ ಕೆಂಪಾಯಿತು. "'ಜಾಹೀರಾತು-1' ಅಂತ."

ಅವನಿಗದು ಹತ್ತು ವರ್ಷದ ಅಭ್ಯಾಸ. ಅಳತೆಯೂ ಜಾಹೀರಾತಿನದೇ. ಆ ಹೆಸರು, ಆ ಅಳತೆ ಕಂಡರೆ ಅಳಿಸು ಎಂದು ನಿಯಮ ಬರೆದವಳು ನಾನೇ. ಅವರ ಬ್ರೌಸರ್ ಮಾತ್ರ ತನ್ನ ಕಂಪನಿಯ ಚೌಕವನ್ನು ಎಂದೂ ಮುಟ್ಟುವುದಿಲ್ಲ, ಹಾಗಾಗಿ ಅವನಿಗೆ ಸಲೀಸಾಗಿ ಕಂಡಿತ್ತು. ತೋರಿಲ್ ನಕ್ಕ ಭರದಲ್ಲಿ ಒಂದು ವಾಫಲ್ ಸೀದುಹೋಯಿತು.

ನಾನು ನಗಲಿಲ್ಲ. "ವಿನಾಯಿತಿ ಕೊಡಲಾ? ಒಂದೇ ಸಾಲು ಬರೆದ್ರೆ ಸಾಕು. ಆದ್ರೆ ನಿನ್ನ ಪುಟ ಇರೋದು ಕಂಪನಿ ಸೈಟಲ್ಲಿ. ಕೊಟ್ರೆ ಇಡೀ ಸೈಟಿಗೆ, ಅದರ ಎಲ್ಲ ಜಾಹೀರಾತಿಗೂ ಕೊಡ್ಬೇಕಾಗತ್ತೆ."

ಅವನು ಹೂಂ ಅಂದರೆ ತೋರಿಲ್ ಹೇಳಿದ್ದೇ ನಿಜ.

"ಬೇಡ," ಎಂದ ತಕ್ಷಣ. "ನಿನ್ನ ನಿಯಮ ಸರಿಯಾಗೇ ಇದೆ. ಮುಟ್ಟಬೇಡ."

ನಾನು ಅವನನ್ನು ಪ್ರೀತಿಸುತ್ತಿದ್ದೇನೆ ಎನ್ನುವುದರಲ್ಲಿ ಆಮೇಲೆ ಸಂಶಯವೇ ಉಳಿಯಲಿಲ್ಲ. ಹಾಗಾದರೆ ಆ ಚೌಕದಲ್ಲಿ ಇದ್ದದ್ದನ್ನು ಬಾಯಲ್ಲೇ ಹೇಳು ಎಂದೆ.

ಅವನು ಉಸಿರು ಎಳೆದುಕೊಂಡ. "ಈಸ್ಟರಿಗೆ ನಮ್ಮ ಬೆಟ್ಟದ ಮನೆಗೆ ಬಾ. ಅಲ್ಲಿ ಕರೆಂಟಿಲ್ಲ. ನೀರು ಬೇಕಂದ್ರೆ ಹಿಮ ಕರಗಿಸ್ಬೇಕು. ಕಕ್ಕಸು ಮನೆಯಿಂದ ನಲವತ್ತು ಹೆಜ್ಜೆ. ಅಮ್ಮ ಇಸ್ಪೀಟಲ್ಲಿ ಮೋಸ ಮಾಡ್ತಾಳೆ. ನಾನು ನಿನ್ನ ತುಂಬ ಪ್ರೀತಿಸ್ತೀನಿ. ಇರೋದು ಇಷ್ಟೇ."

ಹೊಟ್ಟೆಪಾಡಿಗೆ ಜಾಹೀರಾತು ಬರೆಯುವವನು ಒಂದಕ್ಕೂ ಬಣ್ಣ ಹಚ್ಚಲಿಲ್ಲ.

"ಉಣ್ಣೆ ಕಾಲುಚೀಲ ಎಷ್ಟು ಜೊತೆ ತರಲಿ?" ಎಂದೆ.