ಮೂರು ಒಂಟಿ ಸಾಕ್ಸ್

ದಪ್!

ಮೂರನೇ ಚೆಂಡು ಮತ್ತೆ ಟೆರೇಸಿನ ನೆಲಕ್ಕೆ ಬಿತ್ತು.

"ಏಯ್ ಬಿಂದು! ಮ್ಯಾಲೇನು ರಾಗಿ ಬಡೀತಿದ್ದೀಯಾ?" ಕೆಳಗಿನಿಂದ ತಾತ ಆಂಜಿನಪ್ಪ ಕೂಗಿದರು.

ಬಿಂದುಶ್ರೀ ಚೆಂಡನ್ನು ಥಟ್ಟನೆ ಎತ್ತಿಕೊಂಡಳು. ತಾತನಿಗೆ ಹೇಗೆ ಗೊತ್ತಾಯಿತು? ಚೆಂಡಿನೊಳಗೆ ಇದ್ದದ್ದು ನಿಜವಾಗಿಯೂ ರಾಗಿಯೇ!

"ಇಲ್ಲ ತಾತ, ಪ್ರಾಕ್ಟೀಸು!"

"ಮೆಲ್ಲಕ್ ಆಡ್ಕೊ! ನೈಟ್ ಶಿಫ್ಟ್‌ನೋರು ಮಲ್ಗವ್ರೆ!"

ತಾತನ ಈ ನಾಲ್ಕು ಮಹಡಿಯ ಕಟ್ಟಡದ ತುಂಬ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರೇ. ಮೂರನೇ ಮಹಡಿಯ ನರೇಶಣ್ಣ ಒಂದು ಸಂಜೆ ಇಲ್ಲೇ ನಿಂತು, ಮೂರು ನಿಂಬೆಹಣ್ಣುಗಳನ್ನು ಒಂದರ ಹಿಂದೆ ಒಂದು ಎಸೆದು ಹಿಡಿದಿದ್ದ. ಬಿಂದು ಬಾಯಿ ಬಿಟ್ಟುಕೊಂಡು ನೋಡಿದ್ದಳು. ಮಾರನೇ ದಿನವೇ ಸ್ಕೂಲಿನ ಟ್ಯಾಲೆಂಟ್ ಡೇಗೆ 'ಜಗ್ಲಿಂಗ್' ಅಂತ ಹೆಸರು ಕೊಟ್ಟುಬಿಟ್ಟಳು. ಇವತ್ತು ಗುರುವಾರ. ನಾಡಿದ್ದೇ ಟ್ಯಾಲೆಂಟ್ ಡೇ. ಮೂರನೇ ಚೆಂಡು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ.

"ರಬ್ಬರ್ ಚೆಂಡಾದ್ರೆ ಉರುಳ್ಕೊಂಡು ಹೋಗುತ್ತೆ. ಸಾಕ್ಸ್‌ಗೆ ರಾಗಿ ತುಂಬ್ಸು" ಎಂದು ಹೇಳಿಕೊಟ್ಟವನೂ ನರೇಶಣ್ಣನೇ. ಆದರೆ ಬಿಂದುವಿನ ಸ್ಕೂಲ್ ಸಾಕ್ಸಿನ ಹೆಬ್ಬೆರಳಲ್ಲಿ ತೂತು. ತುಂಬಿದ ರಾಗಿ ಸುರ್ರೆಂದು ಸೋರಿತು. ಎದುರಿಗೆ ತಂತಿಯ ಮೇಲೆ ಯಾರದೋ ಸಾಕ್ಸ್‌ಗಳು ಸಾಲಾಗಿ ಒಣಗುತ್ತಿದ್ದವು. ಜೋಡಿಗೆ ಒಂದರಂತೆ ಮೂರು ಎತ್ತಿಕೊಂಡಳು. ಒಂದೊಂದು ಬಿಟ್ಟಿದ್ದೀನಲ್ಲ, ಪೂರ್ತಿ ಕದ್ದ ಹಾಗಾಗಲ್ಲ ಎಂಬುದು ಅವಳ ಲೆಕ್ಕ.

ಆಗಿನಿಂದ ಒಂದು ತೊಂದರೆ ಶುರುವಾಗಿತ್ತು. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದರೆ ಸಾಕು, ಬಿಂದುವಿನ ಕಣ್ಣು ಬಾಗಿಲಿಗೆ ಓಡುತ್ತಿತ್ತು. ಚೆಂಡು ದಪ್ಪೆಂದು ನೆಲಕ್ಕೆ.

ಈಗಲೂ ಹೆಜ್ಜೆ ಸದ್ದು! ಬಿಂದು ಚೆಂಡುಗಳನ್ನು ಗಬಕ್ಕನೆ ಬಕೆಟ್ಟಿನಡಿ ಮುಚ್ಚಿಟ್ಟಳು.

ಬಾಡಿಗೆಯವರ ಬಟ್ಟೆ ಒಗೆಯುವ ಮಲಕವ್ವ ಬಂದರು. ಹಿಂದೆಯೇ ನರೇಶಣ್ಣ. ಆಗಷ್ಟೇ ಆಫೀಸಿನಿಂದ ಬಂದು ಶೂ ಬಿಚ್ಚಿದ್ದ. ಒಂದು ಕಾಲಲ್ಲಿ ನೀಲಿ ಸಾಕ್ಸ್, ಇನ್ನೊಂದರಲ್ಲಿ ಕಪ್ಪು.

"ಇವತ್ತೂ ಸಿಗ್ಲಿಲ್ವಾ ಮಲಕವ್ವ? ಇರೋದೇ ಮೂರು ಜೊತೆ, ಮೂರೂ ಒಂಟಿ. 'ಏನ್ ಗುರು, ಕತ್ತಲಲ್ಲಿ ಡ್ರೆಸ್ ಮಾಡ್ಕೊಂಡ್ಯಾ?' ಅಂತ ಆಫೀಸಲ್ಲಿ ಎಲ್ರೂ ನಗ್ತಾರೆ. ಈ ಸಾಕ್ಸ್ ಸಹವಾಸ ಸಾಕಪ್ಪಾ ಸಾಕು!"

ಮಲಕವ್ವನಿಗೆ ನಗು ಬರಲಿಲ್ಲ. "ಹನ್ನೆರಡು ವರ್ಷಾತ್ರಿ ನಾ ಅರಿವಿ ಒಗಿಯಾಕ ಹತ್ತಿ. ಒಂದು ಕರ್ಚೀಪ್ ಸುದ್ದಾ ಕಳದಿಲ್ಲ. ನಾ ಯಾಕ ತಗೊಳ್ಳಲಿರಿ?"

"ಅಯ್ಯೋ, ನೀವು ತಗೊಂಡ್ರಿ ಅಂದ್ನಾ? ಗಾಳಿಗೆ ಹಾರಿರ್ಬೇಕು ಬಿಡಿ."

ಮಲಕವ್ವ ಬಿಡಲಿಲ್ಲ. ನೀರಿನ ಟ್ಯಾಂಕಿನ ಹಿಂದೆ ಮಂಡಿಯೂರಿ, ಸಂದಿಗೆ ಕೈ ಹಾಕಿ ತಡಕಿದರು. ಸೆರಗೆಲ್ಲ ಪಾಚಿ.

ಬಿಂದು ದಿನಾ ಮಲಕವ್ವನ ದನಿಯನ್ನು ಅಣಕಿಸಿ ಅವರನ್ನೇ ನಗಿಸುತ್ತಿದ್ದಳು. ಇವತ್ತು ಹೊರಟಿದ್ದು ಅವಳದೇ ದನಿ. ಅದೂ ಬಲು ಸಣ್ಣಗೆ.

"ಮಲಕವ್ವ... ಅಲ್ಲಿಲ್ಲ. ಇಲ್ಲಿವೆ."

ಬಕೆಟ್ ಎತ್ತಿದಳು.

ಮಲಕವ್ವ ಒಂದು ಚೆಂಡನ್ನು ಒತ್ತಿ ನೋಡಿದರು. "ಇದರಾಗೇನೈತಿ? ಜ್ವಾಳನಾ?"

"ರಾಗಿ. ತಂತಿ ಮೇಲಿಂದ ನಾನೇ ತಗೊಂಡಿದ್ದು."

ನರೇಶಣ್ಣ ಚೆಂಡು ನೋಡಿದ, ತನ್ನ ಕಾಲು ನೋಡಿಕೊಂಡ. "ಅಲ್ಲಾ, ಐಡಿಯಾನೂ ನಂದೇ, ಸಾಕ್ಸೂ ನಂದೇನಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಮಲಕವ್ವ ಮಾತ್ರ ಮೆಲ್ಲಗೆ, "ಮೂರು ದಿನಾತು ಹುಡುಕಾಕ ಹತ್ತಿ" ಎಂದರು.

"ಸಾರಿ ಮಲಕವ್ವ."

"ರಾಗಿ ಸುರುವು. ನೀನ ಒಗಿ."

ನರೇಶಣ್ಣ ಕಾಲಲ್ಲಿದ್ದವನ್ನೂ ಬಿಚ್ಚಿಕೊಟ್ಟ. ಬಿಂದು ನಲ್ಲಿಯ ಕೆಳಗೆ ಕೂತು ಎಲ್ಲವನ್ನೂ ಒಗೆದಳು. "ಹಿಮ್ಮಡ ತಿಕ್ಕು, ಹಿಮ್ಮಡ!" ಎಂದು ಮಲಕವ್ವ ಪಕ್ಕದಲ್ಲೇ ನಿಂತಿದ್ದರು. ತಂತಿಯ ಮೇಲೆ, ಅಲ್ಲೇ ಇದ್ದ ಒಂದೂ ಸೇರಿ, ಜೋಡಿ ಜೋಡಿಯಾಗಿ ಆರು ಸಾಕ್ಸ್ ಆದವು. ಬಕೆಟ್ಟಿನಲ್ಲಿ ರಾಗಿಯಷ್ಟೇ ಉಳಿಯಿತು.

"ಶನಿವಾರ ಏನ್ ಮಾಡ್ತಿ?" ಮಲಕವ್ವ ಕೇಳಿದರು.

"ಮಿಸ್‌ಗೆ ಹೇಳಿ ಹೆಸರು ತೆಗೆಸ್ತೀನಿ."

ಮಲಕವ್ವ ರಾಗಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು.

ಶುಕ್ರವಾರ ಬಿಂದು ಸ್ಕೂಲಿಂದ ಬರುವಷ್ಟರಲ್ಲಿ ಅವರು ಗೇಟಿನಲ್ಲೇ ನಿಂತಿದ್ದರು. ಕೈಯಲ್ಲಿ ಹಸಿರು ರವಿಕೆ ಬಟ್ಟೆಯ ಮೂರು ಪುಟ್ಟ ಗಂಟು. "ನನ್ನ ಹಳೇ ಕುಬಸದ್ದು. ನಿನಗ ಕೊಟ್ಟೀನಿ. ಯಾರರ ಕೇಳಿದ್ರ ಹಂಗ ಹೇಳು."

"ಮಿಸ್‌ಗೆ ನಾನಿನ್ನೂ ಹೇಳಿಲ್ಲ!" ಎನ್ನುತ್ತಲೇ ಬಿಂದು ಟೆರೇಸಿಗೆ ಓಡಿದಳು.

ಬರೋದು ಕೈಗೆ ಸಿಗೋ ಮುಂಚೆ ಕೈಲಿರೋದನ್ನ ಎಸಿ, ಎಂದಿದ್ದ ನರೇಶಣ್ಣ. ಎಸೆದಳು. ಒಂದು, ಎರಡು, ಮೂರು. ಮೆಟ್ಟಿಲಲ್ಲಿ ಹೆಜ್ಜೆ ಸದ್ದು. ನಾಲ್ಕು. ಬಾಗಿಲು ಕಿರ್ರೆಂದಿತು. ಐದು, ಆರು, ಏಳು...

ದಪ್!

"ಮತ್ತೆ ಬಡಿದ್ಯಾ ರಾಗಿ?" ಬಾಗಿಲಲ್ಲಿ ತಾತ ನಿಂತಿದ್ದರು.

"ಯಾವಾಗ ಬಂದೆ ತಾತ?"

"ಆಗ್ಲೇ ಬಂದ್ನಲ್ಲ. ಸದ್ದು ಕೇಳ್ನಿಲ್ವಾ?"

ಕೇಳಿಸಿತ್ತು. ಬಾಗಿಲ ಕಡೆ ತಿರುಗಿ ನೋಡಬೇಕೆಂದು ಮಾತ್ರ ಅವಳಿಗೆ ಅನ್ನಿಸಿರಲೇ ಇಲ್ಲ.

ಬಿಂದು ಬಗ್ಗಿ ಹಸಿರು ಗಂಟನ್ನು ಎತ್ತಿಕೊಂಡಳು. "ಅಲ್ಲೇ ಇರು ತಾತ. ಇನ್ನೊಂದ್ಸಲ ನೋಡು!"